ಗೌರವಧನ ಸಾಕು, ಸಂಬಳ ಕೊಡಿ: ಅಂಗನವಾಡಿ ಟೀಚರ್ ಮಗಳ ಬಹಿರಂಗ ಪತ್ರ

ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಅಂಗನವಾಡಿ ಟೀಚರ್ ಒಬ್ಬರ ಮಗಳು. ನಿಮ್ಮ ಕಡತಗಳಲ್ಲಿ ನನ್ನ ಅಮ್ಮ ‘ಕಾರ್ಯಕರ್ತೆ’. ಬಯಲುಸೀಮೆಯ ನಮ್ಮೂರಲ್ಲಿ ಆ ಪದ ಯಾರ ಬಾಯಲ್ಲೂ ಬರುವುದಿಲ್ಲ. ಅಲ್ಲಿ ಅವಳು ಟೀಚರಮ್ಮ. ಅವಳ ಕೈಯಲ್ಲಿ ಅ ಆ ಕಲಿತವರ ಮಕ್ಕಳೂ ಅವಳ ಹತ್ತಿರವೇ ಕಲಿತರು. 1984ರಲ್ಲಿ, ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಅನ್ನುವ ಕಾರಣಕ್ಕೆ ಊರವರೇ ಒತ್ತಾಯ ಮಾಡಿ ಅವಳನ್ನು ಈ ಕೆಲಸಕ್ಕೆ ಕಳಿಸಿದರು. 2022ರ ಮೇ ತಿಂಗಳಲ್ಲಿ 60 ತುಂಬಿತು, ನಿವೃತ್ತಳಾದಳು. ಒಟ್ಟು 38 ವರ್ಷ.

ಬೀಳ್ಕೊಡುಗೆಯ ದಿನ ನಾನೂ ಹೋಗಿದ್ದೆ. ಶಾಲು ಹೊದಿಸಿದರು, ಹಾರ ಹಾಕಿದರು, ಒಂದು ಫಲಕ ಕೊಟ್ಟರು. ಅತಿಥಿಯಾಗಿ ಬಂದಿದ್ದವರು ಮೈಕು ಹಿಡಿದು, ‘ಈ ತಾಯಿಯ ಸೇವೆಗೆ ಬೆಲೆ ಕಟ್ಟಲು ಸಾಧ್ಯವಿಲ್ಲ’ ಎಂದರು. ಜನ ಚಪ್ಪಾಳೆ ತಟ್ಟಿದರು, ಅಮ್ಮನ ಕಣ್ಣಲ್ಲಿ ನೀರು ಬಂತು. ಅವರು ಮನಸ್ಸಿನಿಂದಲೇ ಹೇಳಿದ ಮಾತದು, ನನಗೆ ಅನುಮಾನವಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಲೆ ಯಾಕೆ ಕಟ್ಟಲಾಗುವುದಿಲ್ಲ? ಬೇರೆ ಎಲ್ಲರ ಕೆಲಸಕ್ಕೂ ಬೆಲೆ ಕಟ್ಟಿ ತಿಂಗಳ ಕೊನೆಗೆ ಕೊಡುತ್ತಾರಲ್ಲ, ನನ್ನ ಅಮ್ಮನ ಕೆಲಸಕ್ಕೆ ಮಾತ್ರ ಯಾಕೆ ಆಗುವುದಿಲ್ಲ? ಅಂದಿನಿಂದ ಈ ಪತ್ರ ನನ್ನೊಳಗೆ ಕೂತಿದೆ.

ಬೆಲೆ ಕಟ್ಟಬಹುದು, ಮಾನ್ಯರೇ. ನಾನು ಕಟ್ಟಿ ತೋರಿಸುತ್ತೇನೆ. ಅದಕ್ಕೆ ಮೊದಲು ಕೆಲಸ ಏನಿತ್ತು ಎಂದು ಹೇಳಬೇಕು. ‘ಮಕ್ಕಳನ್ನು ನಾಲ್ಕು ಗಂಟೆ ಕೂರಿಸಿಕೊಂಡು ಉಪ್ಪಿಟ್ಟು ಕೊಟ್ಟು ಕಳಿಸುವುದು’ ಎಂದು ತಿಳಿದಿರುವ ದೊಡ್ಡವರು ಇನ್ನೂ ತುಂಬಾ ಜನ ಇದ್ದಾರೆ.

ನನಗೆ ನೆನಪಿರುವ ಮೊದಲ ಅಂಗನವಾಡಿ ನಮ್ಮೂರ ಗುಡಿಯ ಜಗಲಿ. ಮಳೆ ಬಂದರೆ ನಮ್ಮ ಮನೆಯ ಪಡಸಾಲೆ. ಪಡಸಾಲೆಯ ತೊಲೆಗೆ ತೂಕದ ತಕ್ಕಡಿ ನೇತುಹಾಕಿ, ಅದರ ಜೋಲಿಯಲ್ಲಿ ಕೂಸುಗಳನ್ನು ಕೂರಿಸುತ್ತಿದ್ದಳು. ಕೂಸು ಅಳುತ್ತಿತ್ತು, ತಾಯಿ ಗಾಬರಿಯಾಗುತ್ತಿದ್ದಳು, ಅಮ್ಮ ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು ನೋಡಿ ಚಾರ್ಟಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು. ಹೋದ ತಿಂಗಳ ಚುಕ್ಕೆಗಿಂತ ಈ ತಿಂಗಳ ಚುಕ್ಕೆ ಕೆಳಗೆ ಬಿದ್ದರೆ ಅವತ್ತು ಅವಳಿಗೆ ಊಟ ಸೇರುತ್ತಿರಲಿಲ್ಲ. ಸಂಜೆ ಆ ಮನೆಗೆ ಹೋಗಿ, ಒಲೆಯ ಮುಂದೆ ಕೂತು, ಏನು ಬೇಯಿಸಿದ್ದೀರಿ, ಕೂಸಿಗೆ ಏನು ತಿನ್ನಿಸಿದಿರಿ, ಭೇದಿ ಇತ್ತಾ ಎಂದೆಲ್ಲ ಕೇಳಿ ಬರುತ್ತಿದ್ದಳು. ಆ ಸಂಜೆಗಳು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಆಮೇಲೆ ಕೆಲಸ ಒಂದೊಂದಾಗಿ ಕೂಡುತ್ತಾ ಹೋಯಿತು. ಲಸಿಕೆಯ ದಿನ ಮನೆಮನೆ ಸುತ್ತಿ ತಾಯಂದಿರನ್ನು ಕರೆತರುವುದು, ಪೋಲಿಯೋ ಹನಿ, ಭಾಗ್ಯಲಕ್ಷ್ಮಿ ಅರ್ಜಿ, ಮತದಾರರ ಪಟ್ಟಿ, ನಾನಾ ಬಗೆಯ ಸಮೀಕ್ಷೆ. 2013ರಲ್ಲಿ ಕ್ಷೀರಭಾಗ್ಯ ಬಂತು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಬಂತು, ಗರ್ಭಿಣಿ ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ. ಒಳ್ಳೆಯ ಯೋಜನೆ, ಅದನ್ನು ತಂದವರಿಗೆ ನನ್ನ ನಮಸ್ಕಾರ. ಆದರೆ ನಮ್ಮ ಕಡೆ ಹಸಿ ಬಾಣಂತಿ ಹೊಸಿಲು ದಾಟಿ ಬಂದು ಅಂಗನವಾಡಿಯಲ್ಲಿ ಕೂತು ಉಣ್ಣುತ್ತಾಳೆಯೇ? ಊಟ ಕ್ಯಾರಿಯರ್ ಹತ್ತಿ ಅವಳ ಮನೆಗೆ ಹೋಯಿತು. ಹೊತ್ತವರು ಅಮ್ಮ ಮತ್ತು ಸಹಾಯಕಿ ಆಯಮ್ಮ. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು, ಅಂಗನವಾಡಿಯ ವಿವರಗಳನ್ನು ತುಂಬಬೇಕಾದ ಮೊಬೈಲ್ ಆ್ಯಪ್. 59 ವರ್ಷದ ಅಮ್ಮ ನನ್ನ ಪಕ್ಕ ಕೂತು, ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಒತ್ತುವುದನ್ನು ಕಲಿತಳು. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ತಾರಸಿಗೆ ಹತ್ತಬೇಕಿತ್ತು. ಮಂಡಿ ನೋವಿತ್ತು, ಆದರೂ ಹತ್ತಿದಳು.

ಕೊರೊನಾ ಕಾಲದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದಾಗ ಅವಳು ಹೊರಗಿದ್ದಳು. ಮಕ್ಕಳ ಪಾಲಿನ ಅಕ್ಕಿ, ಬೇಳೆ, ಮೊಟ್ಟೆ ಮನೆಮನೆಗೆ ಹಂಚುತ್ತಿದ್ದಳು. ಬಂದವಳು ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರುತ್ತಿದ್ದಳು. ಆ ದಿನಗಳಲ್ಲಿ ಅವಳನ್ನು ‘ವಾರಿಯರ್’ ಎಂದು ಕರೆದಿರಿ. ಅದಕ್ಕೆ ಮುಂಚೆ ‘ಮಾತೆ’ ಎಂದಿದ್ದಿರಿ. ‘ಸಂಬಳ ಪಡೆಯುವ ನೌಕರಳು’ ಅನ್ನುವ ಸಾಮಾನ್ಯ ಮಾತನ್ನು ಮಾತ್ರ ಯಾರೂ ಆಡಲಿಲ್ಲ.

ಇಲ್ಲಿಗೆ ಬಂದೆ, ಆ ಪದದ ಹತ್ತಿರ. ಗೌರವಧನ.

ಹಣ ಮುಖ್ಯವಲ್ಲ, ಗೌರವದ ಗುರುತಾಗಿ ಒಂದಿಷ್ಟು ಇಟ್ಟುಕೊಳ್ಳಿ ಎನ್ನುವುದು ಆ ಪದದ ಅರ್ಥ. ಒಂದು ದಿನ ಬಂದು ಭಾಷಣ ಮಾಡಿ ಹೋಗುವ ವಿದ್ವಾಂಸರಿಗೆ ಕೊಡುವುದಕ್ಕೆ ಅದು ಸರಿಯಾದ ಪದ. 38 ವರ್ಷ ಬೆಳಿಗ್ಗೆ ಬೀಗ ತೆಗೆದವಳಿಗೆ ಸಲ್ಲುವ ಪದ ಅಲ್ಲ. ಸಂಬಳ ಎಂದರೆ ಅದಕ್ಕೆ ಕನಿಷ್ಠ ಇಷ್ಟು ಅನ್ನುವ ಕಾನೂನಿದೆ, ತುಟ್ಟಿಭತ್ಯೆ ಇದೆ, ಪಿಂಚಣಿ ಇದೆ. ಗೌರವಧನಕ್ಕೆ ಇವು ಯಾವುವೂ ಇಲ್ಲ. ಗೌರವ ಅನ್ನುವ ಅಷ್ಟು ದೊಡ್ಡ ಪದವನ್ನು ತಂದು, ಕೊಡಬೇಕಾದ್ದನ್ನು ಕೊಡದಿರುವುದಕ್ಕೆ ಅಡ್ಡ ಇಟ್ಟಿದ್ದೀರಿ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ.

ಅಂಕಿಗಳನ್ನೂ ನೋಡೋಣ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಆಗ ಮೆಟ್ರಿಕ್ ಓದಿದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಓದದವರಿಗೆ 100, ಸಹಾಯಕಿಗೆ 35. 2002ರಲ್ಲಿ ಅದು 1,000 ಮತ್ತು 500 ಆಯಿತು. 2008ರಲ್ಲಿ 1,500 ಮತ್ತು 750. 2011ರಲ್ಲಿ 3,000 ಮತ್ತು 1,500. 2018ರ ಅಕ್ಟೋಬರ್‌ನಿಂದ 4,500 ಮತ್ತು 2,250. ಇದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಇದರ ಮೇಲೆ ಕರ್ನಾಟಕ ತನ್ನ ಬೊಕ್ಕಸದಿಂದ ಇನ್ನಷ್ಟು ಸೇರಿಸುತ್ತದೆ. ಹಾಗಾಗಿಯೇ ಅಮ್ಮನ ಕೈಗೆ ಕೊನೆಯ ವರ್ಷಗಳಲ್ಲಿ ಹತ್ತು ಸಾವಿರದ ಆಸುಪಾಸು ಬರುತ್ತಿತ್ತು. 2025ರ ರಾಜ್ಯ ಬಜೆಟ್‌ನಲ್ಲಿ ಟೀಚರ್‌ಗೆ 1,000, ಸಹಾಯಕಿಗೆ 750 ಹೆಚ್ಚಿಸಿದ್ದೀರಿ. ಅದನ್ನು ಮರೆಮಾಚಿ ಪತ್ರ ಬರೆಯುವುದು ನನಗೆ ಇಷ್ಟವಿಲ್ಲ. ಆದರೆ ಪ್ರತಿ ಹೆಚ್ಚಳದ ಹಿಂದೆ ಒಂದು ಬೀದಿ ಹೋರಾಟವಿದೆ. ಸಾವಿರ ರೂಪಾಯಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಎದ್ದ ಹೆಂಗಸರಿದ್ದಾರೆ. ಅಮ್ಮನೂ ಒಮ್ಮೆ ಹೋಗಿದ್ದಳು, ಚೀಲದಲ್ಲಿ ಎರಡು ದಿನದ ರೊಟ್ಟಿ ಕಟ್ಟಿಕೊಂಡು. ಹೋರಾಟ ಮಾಡಿ ಪಡೆದದ್ದು ಮರುದಿನ ಪತ್ರಿಕೆಯಲ್ಲಿ ‘ಕೊಡುಗೆ’ ಆಗಿರುತ್ತದೆ. ದುಡಿದವಳ ಪಾಲನ್ನು ಅವಳಿಗೇ ಕೊಡುವುದು ಕೊಡುಗೆ ಹೇಗಾಗುತ್ತದೆ?

ಆಯಮ್ಮನ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧವೇ ಆಗುತ್ತದೆ. ಅಮ್ಮನ ಜೊತೆ 27 ವರ್ಷ ಸಹಾಯಕಿಯಾಗಿದ್ದವರು ಅವರು. ಊರಾಚೆಯ ಹಟ್ಟಿಯ ಮಕ್ಕಳನ್ನು ಕರೆತರಲು ಒಂದು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಒಂದು ಕೂಸನ್ನು ಕಂಕುಳಲ್ಲಿ, ಇನ್ನೊಂದನ್ನು ಬೆನ್ನಮೇಲೆ ಹೊತ್ತು ಎರಡೆರಡು ಸಲ ಹಳ್ಳ ದಾಟುತ್ತಿದ್ದರು. ಬಂದಮೇಲೆ ಕಸ, ನೀರು, ಒಲೆ, ಪಾತ್ರೆ, ಮಕ್ಕಳ ಚಡ್ಡಿ ಎಲ್ಲ ಅವರದೇ. ಅಮ್ಮ ಮೀಟಿಂಗಿಗೆ ಹೋದ ದಿನ ಪಾಠವೂ ಅವರದೇ. ಅವರಿಗೆ ಓದು ಇರಲಿಲ್ಲ, ಆದರೆ ಹಾಡುಗಳೆಲ್ಲ ಬಾಯಲ್ಲಿದ್ದವು. 1975ರಲ್ಲಿ ಸಹಾಯಕಿಗೆ ಮೆಟ್ರಿಕ್ ಓದಿದ ಕಾರ್ಯಕರ್ತೆಯ ಕಾಲುಭಾಗಕ್ಕೂ ಕಮ್ಮಿ ಇಟ್ಟವರು, ಆಮೇಲೆ ಕೇಂದ್ರದ ಲೆಕ್ಕದಲ್ಲಿ ಅದನ್ನು ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಿದರು. ಆ ಅರ್ಧ ಯಾವ ಅಳತೆಯಿಂದ ಬಂತು ಎಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಅವರ ದಿನ ಅರ್ಧ ದಿನವಾಗಿರಲಿಲ್ಲ. ಅಂಗಡಿಯವನು ಅವರಿಗೆ ಅರ್ಧ ಬೆಲೆಗೆ ಅಕ್ಕಿ ಕೊಡುತ್ತಿರಲಿಲ್ಲ.

ಅಮ್ಮನ ವೃತ್ತಿಯಲ್ಲಿ ಒಂದು ಪದ ದಿನವೂ ಬರುತ್ತಿತ್ತು. ‘ಅರ್ಹ’. ಯಾವ ಯೋಜನೆ ಬಂದರೂ ಅರ್ಹ ಫಲಾನುಭವಿಗಳ ಪಟ್ಟಿ ಮಾಡುವುದು ಅವಳ ಕೆಲಸ. ಯಾವ ಮಗು ಅರ್ಹ, ಯಾವ ಗರ್ಭಿಣಿ ಅರ್ಹ, ಯಾರ ದಾಖಲೆ ಬಾಕಿ ಇದೆ. ಒಬ್ಬಳ ಹೆಸರು ಬಿಟ್ಟುಹೋಯಿತೆಂದು ರಾತ್ರಿ ಹತ್ತಕ್ಕೆ ಎದ್ದು ಹೋಗಿ ಆಧಾರ್ ಜೆರಾಕ್ಸ್ ತಂದದ್ದು ನನಗೆ ಗೊತ್ತು. ಅವಳ ಲೆಕ್ಕದಲ್ಲಿ ಅರ್ಹತೆಗೆ ನಯವಿನಯ ಬೇಕಿರಲಿಲ್ಲ. ದಿನಾ ಅವಳೊಂದಿಗೆ ಜಗಳವಾಡುತ್ತಿದ್ದ ಮನೆಯ ಮಗುವಿನ ತೂಕ ಕಮ್ಮಿ ಇದ್ದರೆ ಆ ಮಗುವಿಗೆ ಮೊಟ್ಟೆ ಸಲ್ಲಬೇಕು, ಅಷ್ಟೇ. ಕಾನೂನು ಹೇಳಿದ್ದು ಮಗುವಿಗೆ ಸೇರಬೇಕು. ಯಾರ ದಯೆಯೂ ಅದರಲ್ಲಿ ಇಲ್ಲ. ಹೀಗೆ ಸಾವಿರಾರು ಹೆಸರುಗಳ ಮುಂದೆ ‘ಅರ್ಹ’ ಎಂದು ಬರೆದ ಕೈ ಅದು.

ಅವಳ ಹೆಸರಿನ ಮುಂದೆ ಯಾರೂ ಆ ಪದ ಬರೆಯಲಿಲ್ಲ. ನನ್ನ ಓದಿಗಾಗಿ ಸಾಲ ಕೇಳಲು ಹೋದಾಗ, ‘ನೀವು ಸರ್ಕಾರಿ ನೌಕರರಲ್ಲವಲ್ಲ, ಸಂಬಳದ ಚೀಟಿ ಇಲ್ಲವಲ್ಲ’ ಎಂದರು. ಅದಾದ ಕೆಲವು ವರ್ಷಕ್ಕೆ ರೇಷನ್ ಕಾರ್ಡ್ ಪರಿಶೀಲನೆಗೆ ಬಂದವರೊಬ್ಬರು, ‘ನೀವು ಸರ್ಕಾರಿ ಕೆಲಸದಲ್ಲಿದ್ದೀರಲ್ಲ’ ಎಂದರು. ಇಬ್ಬರಿಗೂ ಅಮ್ಮ ಉತ್ತರ ಕೊಡಲಿಲ್ಲ. ಮನೆಗೆ ಬಂದು ನನ್ನನ್ನು ಕೇಳಿದಳು: ‘ನಾನು ಏನು ಅಂತ ಇವರು ಒಂದು ಕಡೆ ಕೂತು ತೀರ್ಮಾನ ಮಾಡಬಾರದಾ?’

ಅವಳು ಏನು ಎಂದು ನ್ಯಾಯಾಲಯಗಳು ತೀರ್ಮಾನ ಮಾಡಿವೆ, ಎರಡು ಸಲ, ಎರಡು ಬೇರೆ ದಿಕ್ಕಿನಲ್ಲಿ. ಮೊದಲನೆಯ ಪ್ರಕರಣ ನಮ್ಮ ರಾಜ್ಯದ್ದೇ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿಯವರದ್ದು ನಾಗರಿಕ ಸೇವೆಯ ಹುದ್ದೆಯಲ್ಲ, ಅವರು ಸರ್ಕಾರದ ಕಾರ್ಯವನ್ನು ನಡೆಸುವವರಲ್ಲ ಎಂದಿತು. ಮುಂದೆ 2013ರಲ್ಲಿ ಎರಡು ಸಂಗತಿ ನಡೆದವು. 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇವರನ್ನು ಕಾರ್ಮಿಕರೆಂದು ಪರಿಗಣಿಸಿ, ಕನಿಷ್ಠ ವೇತನ ಮತ್ತು ಸಾಮಾಜಿಕ ಭದ್ರತೆ ಕೊಡಿ ಎಂದು ಶಿಫಾರಸು ಮಾಡಿತು. ಅದೇ ವರ್ಷ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದು, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯ ಊಟ ಕಾನೂನಿನ ಹಕ್ಕಾಯಿತು. ಉಣ್ಣುವವರ ಹಕ್ಕು ಕಾನೂನಿನದಾದ ಮೇಲೆ ಬಡಿಸುವವರ ಕೆಲಸ ಮಾತ್ರ ಸ್ವಯಂಸೇವೆಯಾಗಿ ಉಳಿಯಬಹುದೇ?

ಉಳಿಯಲಾರದು ಎಂದು 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟೇ ಹೇಳಿತು. ಗುಜರಾತಿನ ಅಂಗನವಾಡಿ ಹೆಣ್ಣುಮಕ್ಕಳು ತಂದ ಪ್ರಕರಣವದು. ತೀರ್ಪು ಕೊಟ್ಟವರು ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ನ್ಯಾಯಮೂರ್ತಿ ಅಭಯ್ ಎಸ್. ಓಕಾ. ಓಕಾ ಅವರು ಅದಕ್ಕೆ ಮೊದಲು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. 2013ರ ಕಾಯ್ದೆಯ ನಂತರ ಅಂಗನವಾಡಿ ಸರ್ಕಾರದ್ದೇ ಚಾಚಿದ ಕೈ, ಇದು ಅರೆಕಾಲಿಕ ಕೆಲಸ ಎನ್ನಲಾಗದು, ಇವರಿಗೆ ಕೊಡುತ್ತಿರುವುದು ವೇತನವೇ, ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ತಕ್ಕಂತೆ ಒಟ್ಟಿಗೆ ಹಣ ಕೊಡಿಸುವ 1972ರ ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯಿಸುತ್ತದೆ ಎಂಬುದು ಆ ತೀರ್ಪಿನ ಸಾರ. ಅದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವಳ ನಿವೃತ್ತಿಗೆ ಆಗ ಒಂದು ತಿಂಗಳಿತ್ತು. ‘ಸರ್ಕಾರದ ಕೈ ಅಂದ್ರಾ?’ ಎಂದು ಎರಡು ಸಲ ಕೇಳಿದಳು.

ಈಗ ಬೆಲೆ ಕಟ್ಟುತ್ತೇನೆ. ಗ್ರಾಚ್ಯುಟಿ ಕಾಯ್ದೆಯ ಲೆಕ್ಕ ಸುಲಭ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಅಮ್ಮನದು ಹತ್ತು ಸಾವಿರ ಎಂದೇ ಇಟ್ಟುಕೊಳ್ಳಿ. 38 ವರ್ಷಕ್ಕೆ 2,19,230 ರೂಪಾಯಿ. ಇಷ್ಟೇ, ಮಾನ್ಯರೇ. ಮೈಕಿನಲ್ಲಿ ‘ಬೆಲೆ ಕಟ್ಟಲಾಗದು’ ಎಂದ ಕೆಲಸಕ್ಕೆ ದೇಶದ ಕಾನೂನು ಕಟ್ಟುವ ಕಡೆಯ ಬೆಲೆ ಇದು, ಅದೂ ಕಮ್ಮಿ ವೇತನದ ಮೇಲೆ. ಅವಳ ಕೈಗೆ ಬಂದದ್ದು ಒಂದು ಸಣ್ಣ ಇಡುಗಂಟು. ಅದು ಅವಳ ಕಣ್ಣಿನ ಪೊರೆಯ ಆಪರೇಷನ್‌ಗೂ ಮನೆಯ ಹೆಂಚಿಗೂ ಮುಗಿಯಿತು. ಪಿಂಚಣಿ ಇಲ್ಲ. ತೀರ್ಪಿನ ಮೇಲೆ, ಹೋರಾಟದ ಮೇಲೆ, ಕರ್ನಾಟಕ ಸರ್ಕಾರ ಗ್ರಾಚ್ಯುಟಿ ಕೊಡಲು ಒಪ್ಪಿದೆ. ಅದು ದೊಡ್ಡ ಹೆಜ್ಜೆ. ಆದರೆ ಅದಕ್ಕೆ ಮೊದಲೇ ನಿವೃತ್ತರಾದವರು ಇನ್ನೂ ಕೇಳುತ್ತಲೇ ಇದ್ದಾರೆ. ಕಾಯ್ದೆ 1972ರದ್ದು. ಅವರು ದುಡಿದದ್ದು ಅದರ ನಂತರವೇ. ನಡುವೆ ಒಂದು ದಿನಾಂಕದ ಗೆರೆ ಎಳೆದು, ಈಚೆಗಿದ್ದವಳಿಗೆ ಉಂಟು, ಆಚೆಗಿದ್ದವಳಿಗೆ ಇಲ್ಲ ಎನ್ನುವುದಕ್ಕೆ ಕಾರಣವೇನು? ಗೆರೆಯ ಎರಡೂ ಕಡೆ ಇರುವುದು ಅದೇ ತಕ್ಕಡಿ, ಅದೇ ಒಲೆ, ಅದೇ ಹಳ್ಳ.

ಹಣವಿಲ್ಲ ಎನ್ನುತ್ತೀರಿ. ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ, ದೇಶದಲ್ಲಿ ಹದಿಮೂರು ಲಕ್ಷಕ್ಕೂ ಮೇಲೆ. ಹೊರೆ ದೊಡ್ಡದೇ, ಒಪ್ಪುತ್ತೇನೆ. ಆದರೆ ಇಷ್ಟು ವರ್ಷ ಆ ಹೊರೆಯನ್ನು ಯಾರು ಹೊತ್ತರು? ಮೊಟ್ಟೆಯ ದರ ಏರಿದಾಗ ಬರುವ ಹಣ ಒಂದು ದರದ್ದು, ಅಂಗಡಿಯಲ್ಲಿ ಕೊಡಬೇಕಾದದ್ದು ಇನ್ನೊಂದು. ನಡುವಿನ ವ್ಯತ್ಯಾಸ ನಮ್ಮ ಮನೆಯ ಡಬ್ಬಿಯಿಂದ ಹೋಯಿತು. ಬಾಡಿಗೆ ತಡವಾದ ತಿಂಗಳು ಕಟ್ಟಡದ ಮಾಲೀಕನಿಗೆ ಅಮ್ಮನೇ ಕೊಟ್ಟಳು. ನನಗೆ ಹೊಸ ಚಪ್ಪಲಿ ಮುಂದಿನ ತಿಂಗಳು ಎಂದಾಗ ಆ ತಿಂಗಳ ದುಡ್ಡು ಎಲ್ಲಿಗೆ ಹೋಯಿತೆಂದು ನಾನು ದೊಡ್ಡವಳಾದ ಮೇಲೆ ತಿಳಿಯಿತು. ಸರ್ಕಾರದ ಬೊಕ್ಕಸ ಉಳಿಸಿದ್ದು ಇಂಥ ಮನೆಗಳ ಡಬ್ಬಿಗಳಿಂದ. ರಾಜ್ಯವನ್ನು ಕೇಳಿದರೆ ಕೇಂದ್ರದ ಯೋಜನೆ ಎನ್ನುತ್ತದೆ, ಕೇಂದ್ರವನ್ನು ಕೇಳಿದರೆ ನೇಮಕ ರಾಜ್ಯದ್ದು ಎನ್ನುತ್ತದೆ. ಅದಕ್ಕೇ ಇಬ್ಬರ ಹೆಸರಿಗೂ ಒಂದೇ ಪತ್ರ ಬರೆದಿದ್ದೇನೆ.

ಇನ್ನು ಕೆಲವರು ‘ಇದು ಕಾಯಕ, ಇದಕ್ಕೆ ಕೂಲಿ ಕೇಳಬಾರದು’ ಎಂದು ನನ್ನ ಮುಂದೆಯೇ ಹೇಳಿದ್ದಾರೆ. ಕಾಯಕದ ಮಾತು ಎತ್ತಿದವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಗಂಡ ಮಾರಯ್ಯ ಅಂದಿನ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದವಳು ಆಕೆ. ಶರಣರ ಕಾಯಕಕ್ಕೆ ಒಂದು ಅಳತೆ ಇತ್ತು. ಹೆಚ್ಚು ತಂದರೆ ಮರಳಿಸಬೇಕಾದ ಆ ಅಳತೆ, ಕಮ್ಮಿ ಕೊಟ್ಟಾಗ ತುಂಬಿಸಬೇಕಾದ ಅಳತೆಯೂ ಹೌದಲ್ಲವೇ? ನನ್ನ ಅಮ್ಮ ಹೆಚ್ಚು ಕೇಳಿದವಳಲ್ಲ. ಮಕ್ಕಳ ಪಾಲಿನ ಒಂದು ಹಿಡಿ ಬೇಳೆಯೂ ನಮ್ಮ ಮನೆಯ ಒಲೆಗೆ ಬರಲಿಲ್ಲ. ಆ ಶಿಸ್ತಿನಿಂದಲೇ ನಾನು ಅವಳ ಪಾಲನ್ನು ಕೇಳುತ್ತಿದ್ದೇನೆ.

ನಾನು ಕೇಳುವುದು ಇಷ್ಟು. ಆದೇಶಗಳಲ್ಲಿ ಗೌರವಧನ ಎಂದಿರುವ ಕಡೆ ವೇತನ ಎಂದು ಬರೆಯಿರಿ, ಬರೆದ ಮೇಲೆ ಆ ಪದದ ಜೊತೆ ಬರುವುದನ್ನೆಲ್ಲ ಕೊಡಿ. ಕನಿಷ್ಠ ವೇತನವೂ ಪಿಂಚಣಿಯೂ ಅದರಲ್ಲಿ ಸೇರಲಿ. ಸಹಾಯಕಿಯ ಅರ್ಧದ ಲೆಕ್ಕವನ್ನು ಮತ್ತೊಮ್ಮೆ ಕೂತು ನೋಡಿ, ಸಾಧ್ಯವಾದರೆ ಒಂದು ಮಳೆಗಾಲದ ಬೆಳಿಗ್ಗೆ ಅವರ ಜೊತೆ ಹಳ್ಳ ದಾಟಿ ಆಮೇಲೆ ನೋಡಿ. ನಿವೃತ್ತರಾದವರ ಗ್ರಾಚ್ಯುಟಿಗೆ ಹಾಕಿದ ದಿನಾಂಕದ ಗೆರೆ ಅಳಿಸಿ. ಅವರೆಲ್ಲ ಅರವತ್ತು ದಾಟಿದವರು. ಕಾಯುತ್ತಾ ಕಾಯುತ್ತಾ ತೀರಿಕೊಂಡವರೂ ಇದ್ದಾರೆ, ಅವರ ಪಾಲು ಮಕ್ಕಳಿಗಾದರೂ ಸೇರಲಿ. ಶಾಲು ಹೊದಿಸುವುದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಆ ಶಾಲನ್ನು ಅಮ್ಮ ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾಳೆ. ಹಬ್ಬದ ದಿನ ತೆಗೆದು, ಬಿಸಿಲಿಗೆ ಹಾಕಿ, ಮಡಚಿಡುತ್ತಾಳೆ.

ಹೋದ ತಿಂಗಳು ಅಮ್ಮ ಗ್ರಾಚ್ಯುಟಿಗಾಗಿ ಮತ್ತೆ ಅರ್ಜಿ ಹಾಕಿದಳು. ಸೇವಾ ಪ್ರಮಾಣಪತ್ರ, ಪಾಸ್‌ಬುಕ್ಕಿನ ಜೆರಾಕ್ಸ್, ಆಧಾರ್, ತೀರ್ಪಿನ ಪ್ರತಿ, ಎಲ್ಲವನ್ನೂ ಅವಳೇ ಕ್ರಮವಾಗಿ ಜೋಡಿಸಿ ಪಿನ್ ಹಾಕಿದಳು. ಪಟ್ಟಿ ಮಾಡುವುದು ಅವಳಿಗೆ ಅಭ್ಯಾಸದ ಕೆಲಸ. ಆಮೇಲೆ ಆಯಮ್ಮನನ್ನು ಮನೆಗೆ ಕರೆಸಿ ಅವರ ಅರ್ಜಿಯನ್ನೂ ಬರೆದಳು. ಆಯಮ್ಮನಿಗೆ ಹೆಸರು ಬರೆಯಲು ಅಮ್ಮನೇ ಅಂಗನವಾಡಿಯ ಸ್ಲೇಟಿನ ಮೇಲೆ ಕಲಿಸಿದ್ದಳಂತೆ. ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು, ಅವರು ರುಜು ಹಾಕಿದರು. ‘ಹುದ್ದೆ’ ಎಂದಿದ್ದ ಜಾಗದಲ್ಲಿ ಏನು ಬರೆಯಲಿ ಎಂದು ಅಮ್ಮ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಎರಡೂ ಅರ್ಜಿಗಳು ಒಂದೇ ಕವರಿನಲ್ಲಿವೆ. ದಯವಿಟ್ಟು ತೆರೆದು ನೋಡಿ.

ಇತಿ,
ಅಂಗನವಾಡಿ ಟೀಚರ್ ಒಬ್ಬರ ಮಗಳು